ಮೇ 31: ಅವರ ಹಬ್ಬ, ನಮ್ಮ ತಿಥಿ

ಕೇಳುಗರಿಗೆ ನಮಸ್ಕಾರ.

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಮೊಳೆಗೆ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿದೆ. ಅದರ ಒಂದೊಂದು ಚೌಕದಲ್ಲೂ ಏನಾದರೂ ಬರೆದಿರುತ್ತದೆ. ಹಾಲು ಜಾಸ್ತಿ ತಗೊಂಡ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ, ಯಾರದ್ದೋ ಗೃಹಪ್ರವೇಶ. ಇವೆಲ್ಲ ನನ್ನ ಹೆಂಡತಿಯ ಅಕ್ಷರ. ನಡುನಡುವೆ ಪೆನ್ಸಿಲಿನಲ್ಲಿ ಗೀಚಿದ ಸಣ್ಣ ಅಂಕಿಗಳೂ ಇರುತ್ತವೆ. 2-0, 3-1, 1-1. ಅವು ನನ್ನವು. ನಮ್ಮೂರಿನ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಪಂದ್ಯಗಳ ಲೆಕ್ಕ. "ಹಾಲಿನ ಲೆಕ್ಕದ ಮೇಲೆ ನಿಮ್ಮ ಗೋಲಿನ ಲೆಕ್ಕ ಬರೀಬೇಡಿ" ಅಂತ ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ವರ್ಷ ಮುಗಿದ ಮೇಲೆ ಹಳೇ ಹಾಳೆಗಳು ಏನಾಗುತ್ತವೆ ಅಂತ ನಿಮಗೆ ಗೊತ್ತು. ಡಬ್ಬಿಗಳ ಕೆಳಗೆ ಹಾಸಲು ಹೋಗುತ್ತವೆ. ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಲು ಹೋಗುತ್ತವೆ. ನಾನು ಮಾತ್ರ ಒಂದು ಹಾಳೆಯನ್ನು ಮಡಚಿ ಎತ್ತಿಟ್ಟುಕೊಂಡಿದ್ದೇನೆ. 2015ರ ಮೇ ತಿಂಗಳಿನದ್ದು. ಅದರ ಕೊನೆಯ ಚೌಕ, ಕೆಂಪು ಅಂಕಿಯ ಭಾನುವಾರ, 31. ಅದರಲ್ಲಿ ಬರೆದಿರುವುದು ಇಷ್ಟೇ: 1-1.

ಇವತ್ತು ಅದೇ ಮೇ 31.

ಒಂದು-ಒಂದು ಅಂದರೆ ಡ್ರಾ, ಸೋತಿಲ್ಲವಲ್ಲ, ಅದಕ್ಕೇನು ದುಃಖ ಅಂತ ನೀವು ಕೇಳಬಹುದು. ಅವತ್ತು ಐ-ಲೀಗ್‌ನ, ಅಂದರೆ ಆಗಿನ ದೇಶದ ದೊಡ್ಡ ಫುಟ್‌ಬಾಲ್ ಲೀಗ್‌ನ, ಕೊನೆಯ ಪಂದ್ಯ. ಕಂಠೀರವ ಕ್ರೀಡಾಂಗಣಕ್ಕೆ ಬಂದಿದ್ದವರು ಕೋಲ್ಕತ್ತದ ಮೋಹನ್ ಬಾಗಾನ್. ಅವರ ಹತ್ತಿರ 38 ಅಂಕ, ನಮ್ಮ ಹತ್ತಿರ 36. ಗೆದ್ದರೆ ನಮಗೆ ಮೂರು ಅಂಕ ಸೇರಿ 39 ಆಗುತ್ತಿತ್ತು, ಕಪ್ ನಮ್ಮದಾಗುತ್ತಿತ್ತು. ಅವರಿಗೆ ಡ್ರಾ ಆದರೂ ಸಾಕಿತ್ತು. ಹಿಂದಿನ ವರ್ಷ, ಅಂದರೆ ಹುಟ್ಟಿದ ಮೊದಲ ವರ್ಷವೇ ಲೀಗ್ ಗೆದ್ದಿದ್ದ ತಂಡ ನಮ್ಮದು. ಎರಡನೇದೂ ನಮ್ಮದೇ ಅಂತ ಗ್ಯಾಲರಿಯಲ್ಲಿ ಎಲ್ಲರಿಗೂ ಖಾತ್ರಿ ಆಗಿಬಿಟ್ಟಿತ್ತು.

ಮೊದಲರ್ಧ ಮುಗಿಯುವ ಸ್ವಲ್ಪ ಮುಂಚೆ ನಮ್ಮ ಡಿಫೆಂಡರ್ ಜಾನ್ ಜಾನ್ಸನ್ ಗೋಲು ಹೊಡೆದರು. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಆಟಗಾರರು ಸ್ವಲ್ಪ ದೂರವೇ. ಆದರೆ ಆ ಗೋಲು ಆದಾಗ ಆ ದೂರ ಇದ್ದ ಹಾಗೇ ಅನ್ನಿಸಲಿಲ್ಲ. ನನ್ನ ಪಕ್ಕ ಕೂತಿದ್ದ ಹಿರಿಯರು, ಅವತ್ತಿನವರೆಗೂ ನೋಡದ ಮುಖ, ನನ್ನ ಹೆಗಲು ಹಿಡಿದು ಅಲುಗಾಡಿಸಿಬಿಟ್ಟರು.

ಆಮೇಲೆ ಶುರುವಾಯಿತು ಗಡಿಯಾರ ನೋಡುವ ಕೆಲಸ. 70 ನಿಮಿಷ. 80. 85. ಹಿರಿಯರು ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದರು, ಮನೆಯಲ್ಲಿ ಟಿವಿ ಮುಂದೆ ಕೂತ ಹಾಗೆ. 87ನೇ ನಿಮಿಷಕ್ಕೆ ಬಾಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು. ಹೈಟಿ ದೇಶದ ಸೋನಿ ನಾರ್ದೆ ಚೆಂಡು ಎತ್ತಿದರು. ನೈಜೀರಿಯಾದ ಬೆಲ್ಲೋ ರಜಾಕ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟರು. ಅಷ್ಟೇ. ಇಡೀ ಕ್ರೀಡಾಂಗಣದಲ್ಲಿ ಒಂದೇ ಒಂದು ಮೂಲೆಯಿಂದ ಸದ್ದು ಬರುತ್ತಿತ್ತು. ಕೋಲ್ಕತ್ತದಿಂದ ಬಂದಿದ್ದವರ ಮೂಲೆ. ಪಕ್ಕದ ಹಿರಿಯರು ಏನೂ ಮಾತಾಡಲಿಲ್ಲ. ಬಗ್ಗಿ ಚಪ್ಪಲಿ ಹುಡುಕತೊಡಗಿದರು.

ಮೋಹನ್ ಬಾಗಾನ್ 13 ವರ್ಷದ ಮೇಲೆ ದೇಶದ ಲೀಗ್ ಗೆದ್ದಿತು. ಅವರಿಗೆ ಮೇ 31 ಹಬ್ಬ. ನಮ್ಮ ಮನೆಗಳಲ್ಲಿ ಹುಟ್ಟುಹಬ್ಬವೂ ನಡೆಯುತ್ತದೆ, ತಿಥಿಯೂ ನಡೆಯುತ್ತದೆ, ಅಲ್ವಾ? ಫುಟ್‌ಬಾಲ್ ಕ್ಲಬ್ಬುಗಳು ಮಾತ್ರ "ಇತಿಹಾಸದಲ್ಲಿ ಈ ದಿನ" ಅಂತ ಬರೀ ಹುಟ್ಟುಹಬ್ಬಗಳನ್ನೇ ಹೇಳುತ್ತವೆ. ತಿಥಿ ಮಾಡುವ ಕೆಲಸ ಅಭಿಮಾನಿಗಳಿಗೆ ಬಿಟ್ಟದ್ದು. ನನ್ನ ಅನುಮಾನ ಏನೆಂದರೆ, ಕ್ಲಬ್ಬಿನ ನಿಜವಾದ ಕ್ಯಾಲೆಂಡರ್ ಇರುವುದು ಆ ತಿಥಿ ಮಾಡುವವರ ಹತ್ತಿರವೇ.

ನಮ್ಮನ್ನು ಅಳಿಸಿದ ಅದೇ ಕ್ಲಬ್ಬಿನ ಕ್ಯಾಲೆಂಡರನ್ನು ಸ್ವಲ್ಪ ತಿರುವಿ ನೋಡೋಣ. ಅದು ಶುರುವಾಗುವುದು 1889ರ ಆಗಸ್ಟ್ 15ಕ್ಕೆ. ಹೌದು, ಆಗಸ್ಟ್ 15. ಉತ್ತರ ಕಲ್ಕತ್ತದಲ್ಲಿ ಮೋಹನ್ ಬಾಗಾನ್ ಅನ್ನುವ ದೊಡ್ಡ ಬಂಗಲೆಯೊಂದಿತ್ತು. ಕ್ಲಬ್ಬಿನ ಹೆಸರು ಅದರದ್ದೇ. ಆ ತಾರೀಕಿಗೆ ಮುಂದೆ ಏನು ಬೆಲೆ ಬರುತ್ತದೆ ಅಂತ ಅವತ್ತು ಯಾರಿಗೆ ಗೊತ್ತಿತ್ತು?

ಆದರೆ ಅವರ ದೊಡ್ಡ ಹಬ್ಬ ಜುಲೈ 29. 1911ನೇ ಇಸವಿ, ಶನಿವಾರ. ಕಲ್ಕತ್ತದ ಹೆಸರಾಂತ ಫುಟ್‌ಬಾಲ್ ಟೂರ್ನಿ ಐಎಫ್‌ಎ ಶೀಲ್ಡ್‌ನ ಫೈನಲ್. ಎದುರಿಗೆ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್, ಬ್ರಿಟಿಷ್ ಸೈನಿಕರ ತಂಡ. ಬಾಗಾನ್‌ನ ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲು. ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಬೂಟುಕಾಲಿನ ಸಿಪಾಯಿ ಓಡಿ ಬಂದು ಬರಿಗಾಲಿನ ಹುಡುಗನ ಹೆಬ್ಬೆರಳು ತುಳಿದರೆ ಹೇಗಿರುತ್ತದೆ ಅಂತ ಒಂದು ಕ್ಷಣ ಯೋಚಿಸಿ. ಜುಲೈ ಅಂದರೆ ಮಳೆಗಾಲ ಬೇರೆ.

ಆಟ ನೋಡಲು ಸಾವಿರಾರು ಜನ ಹಳ್ಳಿಗಳಿಂದ ರೈಲಲ್ಲಿ, ದೋಣಿಯಲ್ಲಿ ಬಂದಿದ್ದರು. ಎಲ್ಲರಿಗೂ ಮೈದಾನ ಕಾಣಬೇಕಲ್ಲ? ಕೆಲವರು ಮರ ಹತ್ತಿದರು. ಅಲ್ಲಿಂದಲೂ ಕಾಣದವರಿಗೆ ಗಾಳಿಪಟ. ಗೋಲಿನ ಲೆಕ್ಕವನ್ನು ಗಾಳಿಪಟದ ಮೇಲೆ ಬರೆದು ಹಾರಿಸುತ್ತಿದ್ದರಂತೆ. ನನಗೆ ಈ ಇಡೀ ಕಥೆಯಲ್ಲಿ ಬಲು ಇಷ್ಟವಾದದ್ದು ಆ ಗಾಳಿಪಟ. ಅವತ್ತಿನ ನೇರ ಪ್ರಸಾರ ಅದು. ನಮ್ಮ ಆಕಾಶವಾಣಿಗೂ ಹಿರಿಯಣ್ಣ ಅನ್ನಬಹುದು.

ಮೊದಲ ಗೋಲು ಸೈನಿಕರದ್ದು, ಫ್ರೀ ಕಿಕ್ಕಿನಲ್ಲಿ. ಸ್ವಲ್ಪ ಹೊತ್ತಿನಲ್ಲೇ ಬಾಗಾನ್ ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದರು. ಇನ್ನೇನು ಆಟ ಮುಗಿಯಬೇಕು ಅನ್ನುವಾಗ ಅಭಿಲಾಷ್ ಘೋಷ್ ಎರಡನೇ ಗೋಲು ಹೊಡೆದರು. 2-1. ಭಾರತೀಯರ ತಂಡವೊಂದು ಈ ಶೀಲ್ಡ್ ಗೆದ್ದದ್ದು ಅದೇ ಮೊದಲು. ಆ ಹನ್ನೊಂದು ಜನರನ್ನು ಬಂಗಾಳದಲ್ಲಿ ಇವತ್ತಿಗೂ "ಅಮರ ಏಕಾದಶ" ಅನ್ನುತ್ತಾರೆ. ನಮ್ಮ ಮನೆ ಕ್ಯಾಲೆಂಡರಿನಲ್ಲಿ ಏಕಾದಶಿ ಬಂದಾಗೆಲ್ಲ ನನಗೆ ಅವರ ನೆನಪು. ಹೆಂಡತಿಗೆ ಇದನ್ನು ಹೇಳಿಲ್ಲ, ಬಿಡಿ.

ಗೆದ್ದು ಬರುವಾಗ ಯಾರೋ ಒಬ್ಬರು ಫೋರ್ಟ್ ವಿಲಿಯಂ ಕೋಟೆ ಮೇಲಿನ ಬ್ರಿಟಿಷ್ ಬಾವುಟ ತೋರಿಸಿ, "ಇದೇನೋ ಗೆದ್ರಿ, ಅದು ಯಾವಾಗ ಇಳಿಯುತ್ತೆ?" ಅಂತ ಕೇಳಿದರಂತೆ. "ಬಾಗಾನ್ ಮುಂದಿನ ಸಲ ಶೀಲ್ಡ್ ಗೆದ್ದಾಗ" ಅಂತ ಉತ್ತರ ಬಂತಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಉಪ್ಪು ಖಾರ ಎಷ್ಟು ಸೇರಿದೆಯೋ. ಆದರೆ ಬಾಗಾನ್ ಮತ್ತೆ ಶೀಲ್ಡ್ ಗೆದ್ದದ್ದು 1947ರಲ್ಲಿ. ಇದರಲ್ಲಿ ಮಾತ್ರ ಒಂದು ಚಿಟಿಕೆ ಉಪ್ಪೂ ಇಲ್ಲ.

ಇಂಥ ದಿನವನ್ನು ಮೆರೆಸದೆ ಇರುತ್ತಾರೆಯೇ? ಪ್ರತಿ ಜುಲೈ 29 ಅವರಿಗೆ ಮೋಹನ್ ಬಾಗಾನ್ ದಿನ. ಅವತ್ತು ಮೋಹನ್ ಬಾಗಾನ್ ರತ್ನ ಅಂತ ಗೌರವ ಕೊಡುತ್ತಾರೆ.

ಆಯ್ತು, ಇವೆಲ್ಲ ಹುಟ್ಟುಹಬ್ಬಗಳು. ತಿಥಿಗಳು ಎಲ್ಲಿ? ಅವು ಬೇಕಾದರೆ ಎದುರುಮನೆಗೆ ಹೋಗಬೇಕು. ಎದುರುಮನೆ ಅಂದರೆ ಅದೇ ಊರಿನ ಇನ್ನೊಂದು ಕ್ಲಬ್, ಈಸ್ಟ್ ಬೆಂಗಾಲ್. ಇವರಿಬ್ಬರ ಜಗಳ ಅಡುಗೆಮನೆವರೆಗೂ ಹೋಗುತ್ತದೆ. ಬಾಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು. ಗೆದ್ದವರ ಮೀನಿನ ರೇಟು ಮಾರನೇ ದಿನ ಮಾರ್ಕೆಟ್ಟಿನಲ್ಲಿ ಏರುತ್ತದೆ ಅನ್ನುತ್ತಾರೆ. ಈ ಎದುರುಮನೆಯವರನ್ನು ಕೇಳಿ ನೋಡಿ, ಸೆಪ್ಟೆಂಬರ್ 30 ಅಂದ ತಕ್ಷಣ ಮುಖ ಅರಳುತ್ತದೆ. 1975ರಲ್ಲಿ ಅದೇ ದಿನ ಶೀಲ್ಡ್ ಫೈನಲ್‌ನಲ್ಲಿ ಬಾಗಾನ್‌ಗೆ ಐದು ಗೋಲು ಹೊಡೆದಿದ್ದರು. 5-0. ಬಾಗಾನ್‌ನವರು 2009ರ ಅಕ್ಟೋಬರ್ 25ರಂದು 5-3ರಿಂದ ಗೆದ್ದು, ನಾವೂ ಐದು ಹೊಡೆದೆವು ಅಂತ ಸಮಾಧಾನ ಮಾಡಿಕೊಂಡರು. ಮೂವತ್ತನಾಲ್ಕು ವರ್ಷ ಆದ ಮೇಲೆ! ಸಾಲದ ಲೆಕ್ಕವನ್ನೂ ಇಷ್ಟು ದಿನ ಯಾರೂ ಇಟ್ಟುಕೊಳ್ಳುವುದಿಲ್ಲ.

1997ರ ಜುಲೈ 13 ಬಾಗಾನ್‌ನ ಇನ್ನೊಂದು ತಿಥಿ. ಫೆಡರೇಷನ್ ಕಪ್ ಸೆಮಿಫೈನಲ್. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1,31,000 ಜನ. ಬಾಗಾನ್ ಕೋಚ್ ಅಮಲ್ ದತ್ತ ಅವರ "ಡೈಮಂಡ್" ಅನ್ನುವ ಆಟದ ತಂತ್ರದ ಬಗ್ಗೆ ಊರೆಲ್ಲ ಮಾತು. ಅವರು ಎದುರಾಳಿ ಆಟಗಾರರನ್ನು ಸ್ವಲ್ಪ ಆಡಿಕೊಂಡೂ ಇದ್ದರು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದು ಉತ್ತರ ಕೊಟ್ಟರು. 4-1, ಈಸ್ಟ್ ಬೆಂಗಾಲ್.

ಆದರೆ ಇಬ್ಬರ ಕ್ಯಾಲೆಂಡರಿನಲ್ಲೂ ಒಂದೇ ಬಣ್ಣದ ದಿನ ಒಂದಿದೆ. 1980ರ ಆಗಸ್ಟ್ 16. ಈಡನ್ ಗಾರ್ಡನ್ಸ್‌ನಲ್ಲಿ ಇವರಿಬ್ಬರ ಪಂದ್ಯ. ಮೈದಾನದಲ್ಲಿ ಶುರುವಾದ ಜಗಳ ಗ್ಯಾಲರಿಗೆ ಹಬ್ಬಿತು. ನೂಕುನುಗ್ಗಲಾಯಿತು. ಆಟ ನೋಡಲು ಬಂದಿದ್ದ 16 ಜನ ಮನೆಗೆ ವಾಪಸ್ ಹೋಗಲಿಲ್ಲ. ಅವರ ನೆನಪಿಗೆ ಆ ದಿನ ಕೋಲ್ಕತ್ತದಲ್ಲಿ ಅಭಿಮಾನಿಗಳು ರಕ್ತದಾನ ಮಾಡುತ್ತಾರೆ. ಯಾವ ಜೆರ್ಸಿ ಹಾಕಿದವರ ರಕ್ತ ಯಾರಿಗೆ ಹೋಗುತ್ತದೋ, ಕೇಳುವವರಿಲ್ಲ.

ಅದೇ ಈಡನ್‌ನಲ್ಲಿ ಮೂರು ವರ್ಷ ಮುಂಚೆ, 1977ರ ಸೆಪ್ಟೆಂಬರ್ 24ಕ್ಕೆ, ಪೆಲೆ ಆಡಿದ್ದರು. ನ್ಯೂಯಾರ್ಕ್ ಕಾಸ್ಮಾಸ್ ತಂಡದ ಜೊತೆ ಬಂದಿದ್ದರು. ಬಾಗಾನ್ 2-2 ಡ್ರಾ ಮಾಡಿಕೊಂಡಿತು. ಪೆಲೆಗೆ ನಮ್ಮಲ್ಲೂ ಒಂದು ಮನೆ ಇದೆ. ಹಲಸೂರು ಕಡೆಯ ಗೌತಮಪುರದಲ್ಲಿ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಈಸ್ಟ್ ಬೆಂಗಾಲ್‌ನ "ಪಂಚ ಪಾಂಡವರು" ಅಂತ ಹೆಸರಾದ ಐವರಲ್ಲಿ ಒಬ್ಬರಾದ ಅಹ್ಮದ್ ಖಾನ್ ಈ ಊರಿನವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು. ಊರಿನ ಫುಟ್‌ಬಾಲ್ ಹಳೇದು, ಬೆಂಗಳೂರು ಎಫ್‌ಸಿ ಕ್ಯಾಲೆಂಡರ್ ಮಾತ್ರ ಹೊಸದು. 2013ರ ಜುಲೈನಲ್ಲಿ ಹುಟ್ಟಿದ ಕ್ಲಬ್. ಬಾಗಾನ್ ಮುಂದೆ ಮೊಮ್ಮಗನ ಮೊಮ್ಮಗ.

ತಮಾಷೆ ನೋಡಿ. ನಮ್ಮ ಕ್ಯಾಲೆಂಡರಿನ ಮೊದಲ ಪಂದ್ಯವೂ ಅವರ ಮೇಲೆಯೇ. 2013ರ ಸೆಪ್ಟೆಂಬರ್ 22, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಶಾನ್ ರೂನಿ ನಮ್ಮ ಮೊದಲ ಗೋಲು ಹೊಡೆದರು. ಕೊನೆಗೆ ಅಂಕಿ ಎಷ್ಟು? 1-1. ಅವತ್ತು ಅದೇ 1-1 ಬರೆಯುವಾಗ ಕೈಗೆ ಖುಷಿ. ಎರಡು ವರ್ಷವೂ ತುಂಬಿರಲಿಲ್ಲ, ಅದೇ ಅಂಕಿ ಬರೆಯಲು ಪೆನ್ಸಿಲ್ ಮುಂದೆ ಹೋಗಲಿಲ್ಲ.

ಚಿಕ್ಕದಾದರೂ ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬ ಇಲ್ಲ ಅಂತಲ್ಲ. 2016ರ ಏಪ್ರಿಲ್ 17ಕ್ಕೆ ಐ-ಲೀಗ್ ವಾಪಸ್ ತಂದೆವು. ಆ ಸಲ ಎರಡನೇ ಸ್ಥಾನ ಬಾಗಾನ್‌ಗೆ. ಅದೇ ವರ್ಷ ಅಕ್ಟೋಬರ್ 19, ಬುಧವಾರ ರಾತ್ರಿ, ಕಂಠೀರವ. ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೊಹೋರ್, ಹಿಂದಿನ ವರ್ಷದ ಚಾಂಪಿಯನ್. ಮೊದಲು ಅವರೇ ಗೋಲು ಹೊಡೆದರು. ಆಮೇಲೆ ಸುನಿಲ್ ಛೇತ್ರಿ ಎರಡು, ಸ್ಪೇನಿನ ಹುವಾನನ್ ಒಂದು. 3-1. ಭಾರತದ ಕ್ಲಬ್ಬೊಂದು ಆ ಟೂರ್ನಿಯ ಫೈನಲ್‌ಗೆ ಹೋದದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 1-0 ಸೋತೆವು. ಅದೂ ಬರೆದಿದ್ದೇನೆ.

ಇನ್ನು ಮಾರ್ಚ್ 17. ಈ ತಾರೀಕನ್ನು ಏನು ಮಾಡಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. 2018ರ ಮಾರ್ಚ್ 17, ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲ್, ಅದೂ ನಮ್ಮದೇ ಕಂಠೀರವದಲ್ಲಿ. ಲೀಗ್ ಹಂತದಲ್ಲಿ ಎಲ್ಲರಿಗಿಂತ ಎಂಟು ಅಂಕ ಮುಂದಿದ್ದೆವು. ಒಂಬತ್ತನೇ ನಿಮಿಷಕ್ಕೇ ಛೇತ್ರಿ ತಲೆಯಿಂದ ಗೋಲು. ಆದರೆ ಚೆನ್ನೈನವರು 3-2ರಿಂದ ಕಪ್ ಎತ್ತಿಕೊಂಡು ಹೋದರು. ಸರಿಯಾಗಿ ಒಂದು ವರ್ಷ. 2019ರ ಮಾರ್ಚ್ 17. ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. ಗೋಲೇ ಇಲ್ಲದೆ ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. 117ನೇ ನಿಮಿಷಕ್ಕೆ ಕಾರ್ನರ್. ರಾಹುಲ್ ಭೇಕೆ ತಲೆ. 1-0, ಕಪ್ ನಮ್ಮದು. ಒಂದೇ ಚೌಕದಲ್ಲಿ ತಿಥಿಯೂ, ಹುಟ್ಟುಹಬ್ಬವೂ. ಆ ದಿನ ಬೆಳಿಗ್ಗೆ ಎದ್ದು ಯಾವ ಮುಖ ಮಾಡಿಕೊಳ್ಳಬೇಕು, ನೀವೇ ಹೇಳಿ.

ಬಾಗಾನ್ ನಮ್ಮನ್ನು ಬಿಟ್ಟಿಲ್ಲ. 2023ರ ಮಾರ್ಚ್ 18, ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್, ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. 2025ರ ಏಪ್ರಿಲ್ 12, ಸಾಲ್ಟ್ ಲೇಕ್, ಮತ್ತೆ ಫೈನಲ್, ಹೆಚ್ಚುವರಿ ಸಮಯದಲ್ಲಿ 2-1 ಸೋಲು. ಇವೆರಡರ ಬಗ್ಗೆ ಜಾಸ್ತಿ ಹೇಳಲು ನನಗೆ ಇಷ್ಟವಿಲ್ಲ. ಗಾಯ ಇನ್ನೂ ಹಸಿ.

2015ರ ಮೇ 31 ಹಾಗಲ್ಲ. ಅದು ಒಣಗಿದೆ. ಮುಟ್ಟಿ ನೋಡಬಹುದು. ಅವತ್ತು ಪಂದ್ಯ ಮುಗಿದ ಮೇಲೆ ಹೊರಗೆ ಬಂದಾಗ ಕಸ್ತೂರಬಾ ರಸ್ತೆಯಲ್ಲಿ ಹಸಿರು-ಮರೂನ್ ಜೆರ್ಸಿಯ ಹುಡುಗನೊಬ್ಬ ಆಟೋ ಹಿಡಿಯಲು ಒದ್ದಾಡುತ್ತಿದ್ದ. ಗಂಟಲು ಕಟ್ಟಿಹೋಗಿ ಮಾತೇ ಹೊರಡುತ್ತಿರಲಿಲ್ಲ ಅವನಿಗೆ. ಕನ್ನಡ ಬರುತ್ತಿರಲಿಲ್ಲ, ಅದು ಬೇರೆ. ನಾನೇ ಆಟೋದವರ ಜೊತೆ ಮಾತಾಡಿ ಮೆಜೆಸ್ಟಿಕ್‌ಗೆ ರೇಟು ಇಳಿಸಿ ಕೊಟ್ಟೆ. ಕಪ್ಪನ್ನೇ ಕೊಟ್ಟಾಗಿದೆ, ಇನ್ನು ಇದೊಂದಕ್ಕೆ ಯಾಕೆ ಹಿಂದೆಮುಂದೆ ನೋಡೋದು ಅನ್ನಿಸಿತು. ಅವನು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡ. ಅವನು ಈಗ ಎಲ್ಲಿದ್ದಾನೋ, ಇವತ್ತು ಅವನ ಮನೆಯಲ್ಲಿ ಸಿಗಡಿ ಬೇಯುತ್ತಿರಬಹುದು.

ನಮ್ಮ ಮನೆಯಲ್ಲಿ ತಿಂಗಳ ಕೊನೆಯ ದಿನ ಬೇರೆ ಕೆಲಸ. ಹಾಲಿನವರ ಲೆಕ್ಕ ಕೂಡಿಸಿ, ದುಡ್ಡು ಎಣಿಸಿಟ್ಟು, ಹಾಳೆ ಮಗುಚಬೇಕು. ನಮಸ್ಕಾರ.