ಹವಳದ ದಿಬ್ಬ ಬೆಳೆದ ಕಾಲ, ನಿಂತ ಕಾಲ

ಎಲ್ಲರಿಗೂ ನಮಸ್ಕಾರ.

ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳಕ್ಕೆ ಬಿಸಿಲು ಬೇಕು. ಅದರ ಒಡಲಲ್ಲಿರುವ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಕೊಡುತ್ತದೆ. ಇವತ್ತಿನ ವಿಷಯವಾದ ಡೆಸ್ಮೊಫಿಲಮ್ ಪರ್ಟೂಸಮ್ ಎಂಬ ಹವಳದಲ್ಲಿ ಆ ಪಾಚಿಯೇ ಇಲ್ಲ. ಹಳೆಯ ಪುಸ್ತಕಗಳು ಇದನ್ನು ಲೋಫೀಲಿಯಾ ಎನ್ನುತ್ತವೆ. ಅಟ್ಲಾಂಟಿಕ್‌ನಲ್ಲಿ ಹೆಚ್ಚಾಗಿ 200ರಿಂದ 1,000 ಮೀಟರ್ ಆಳದಲ್ಲಿ, 4ರಿಂದ 12 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದರ ವಾಸ. ನೀರು ಹೊತ್ತು ತಂದ ಆಹಾರದ ಕಣಗಳನ್ನೂ ಸಣ್ಣ ಜೀವಿಗಳನ್ನೂ ಹಿಡಿದು ತಿನ್ನುತ್ತದೆ. ಹಾಗಾಗಿ ಅದರ ಬೆಳವಣಿಗೆ ನೀರಿನ ಓಡಾಟವನ್ನು ನೆಚ್ಚಿಕೊಂಡಿದೆ.

ಐರ್ಲೆಂಡಿನ ನೈರುತ್ಯಕ್ಕಿರುವ ಪೋರ್ಕುಪೈನ್ ಸೀಬೈಟ್ ಎಂಬ ಸಮುದ್ರತಳದ ತಗ್ಗಿನಲ್ಲಿ, ಈ ಹವಳದ ತುಣುಕುಗಳೂ ಹೂಳೂ ಪೇರಿ ಬೆಳೆದ ಚಾಲೆಂಜರ್ ದಿಬ್ಬವಿದೆ. 2005ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಸಂಶೋಧನಾ ಹಡಗು ಅದನ್ನು ನೆತ್ತಿಯಿಂದ ಬುಡದವರೆಗೆ ಕೊರೆಯಿತು. ದಪ್ಪ 155 ಮೀಟರ್. ಶುರುವಾದದ್ದು ಸುಮಾರು 26 ಲಕ್ಷ ವರ್ಷಗಳ ಹಿಂದೆ. ತಳದಿಂದ ಸೋರುವ ಅನಿಲವೇ ಇಂಥ ದಿಬ್ಬಗಳನ್ನು ಪೋಷಿಸುತ್ತದೆ ಎಂಬ ವಾದಕ್ಕೆ ಆ ಕೊರೆತದಲ್ಲಿ ಪುರಾವೆ ಸಿಗಲಿಲ್ಲ.

155 ಮೀಟರನ್ನು 26 ಲಕ್ಷದಿಂದ ಭಾಗಿಸಿದರೆ ಸಾವಿರ ವರ್ಷಕ್ಕೆ ಸುಮಾರು 6 ಸೆಂಟಿಮೀಟರ್. ಈ ಸರಾಸರಿಯನ್ನು ದಯವಿಟ್ಟು ನಂಬಬೇಡಿ. ಜೀವಂತ ಕೊಂಬೆಯೊಂದು ವರ್ಷಕ್ಕೇ 5ರಿಂದ 25 ಮಿಲಿಮೀಟರ್ ಬೆಳೆಯಬಲ್ಲದು. ಸರಾಸರಿ ಇಷ್ಟು ಕುಗ್ಗುವುದಕ್ಕೆ ದೊಡ್ಡ ಕಾರಣ ನಡುವಿನ ವಿರಾಮಗಳು. ಚಾಲೆಂಜರ್‌ನಲ್ಲಿ ಸುಮಾರು 17 ಲಕ್ಷದಿಂದ 10 ಲಕ್ಷ ವರ್ಷಗಳ ಹಿಂದಿನವರೆಗಿನ ಪದರವೇ ಇಲ್ಲ.

ದಿಬ್ಬ ಏರುವುದಕ್ಕೆ ಹವಳವೊಂದೇ ಸಾಲದು, ಹೂಳೂ ಬೇಕು. ಕೊಂಬೆಗಳ ನಡುವೆ ನೀರಿನ ವೇಗ ತಗ್ಗಿ ಹೂಳು ಕೂರುತ್ತದೆ, ಸತ್ತ ಕೊಂಬೆಗಳಿಗೆ ಆಸರೆಯಾಗುತ್ತದೆ. ಹೂಳು ಕಡಿಮೆಯಾದರೆ ಬಯಲಾಗಿ ಉಳಿದ ಕೊಂಬೆಗಳನ್ನು ಕೊರೆಯುವ ಸ್ಪಂಜುಗಳು ಪುಡಿಮಾಡುತ್ತವೆ. ಹೆಚ್ಚಾದರೆ ಪಾಲಿಪ್‌ಗಳೇ, ಅಂದರೆ ಹವಳ ಕಟ್ಟುವ ಪುಟ್ಟ ಜೀವಿಗಳೇ, ಹೂತುಹೋಗುತ್ತವೆ. ಐರ್ಲೆಂಡಿನ ಬಳಿ ಮೆಡಿಟರೇನಿಯನ್‌ನಿಂದ ಬರುವ ಉಪ್ಪು ಹೆಚ್ಚಿದ ನೀರು ಮೇಲಿನ ಅಟ್ಲಾಂಟಿಕ್ ನೀರಿನ ಅಡಿಗೆ ಸೇರುತ್ತದೆ. ಸಾಂದ್ರತೆ ಬದಲಾಗುವ ಆ ಗಡಿಯಲ್ಲಿ ಆಹಾರದ ಕಣಗಳು ತಡೆದು ನಿಲ್ಲುತ್ತವೆ, ನೀರಿನ ಒಳಗೇ ಆ ಗಡಿಯಲ್ಲಿ ಏಳುವ ಅಲೆಗಳು ಅವನ್ನು ಇಳಿಜಾರಿನ ಮೇಲೆ ಚೆಲ್ಲುತ್ತವೆ. ಹಿಮಯುಗದಲ್ಲಿ ಈ ವ್ಯವಸ್ಥೆ ಕದಡಿ ನೀರಿನ ಹರಿವು ಮಂದವಾದಾಗ ಇಲ್ಲಿನ ಹವಳದ ಬೆಳವಣಿಗೆ ನಿಂತಿತು. ಅದೇ ಹಿಮಯುಗದಲ್ಲಿ ದಕ್ಷಿಣಕ್ಕೆ ಸ್ಪೇನಿನ ಬಳಿಯ ಕಾಡಿಜ್ ಕೊಲ್ಲಿಯಲ್ಲೂ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದ ಎದುರೂ ಹವಳ ಚೆನ್ನಾಗಿ ಬೆಳೆಯಿತು. ಚಳಿ ಹೆಚ್ಚಿದರೆ ಹವಳ ಸಾಯುತ್ತದೆ ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ.

ಇನ್ನು ಕಾಲವನ್ನು ಅಳೆಯುವ ಬಗೆ. ಹವಳ ಸಮುದ್ರದ ಯುರೇನಿಯಂ ಅನ್ನು ಅಸ್ಥಿಪಂಜರಕ್ಕೆ ಎಳೆದುಕೊಳ್ಳುತ್ತದೆ, ಥೋರಿಯಂ ಅನ್ನು ಹೆಚ್ಚುಕಡಿಮೆ ಇಲ್ಲವೆಂಬಷ್ಟೇ. ಆದ್ದರಿಂದ ಒಳಗೆ ಕಾಣುವ ಥೋರಿಯಂ-230 ಬಹುಪಾಲು ಯುರೇನಿಯಂ ಕ್ಷಯಿಸಿ ಅಲ್ಲೇ ಹುಟ್ಟಿದ್ದು. ಅದು ಎಷ್ಟು ಸೇರಿದೆ ಎಂಬುದರಿಂದ ಹವಳದ ವಯಸ್ಸು ತಿಳಿಯುತ್ತದೆ. ಮೊದಲು ತುಣುಕಿನ ಹೊರಮೈಯ ಕಬ್ಬಿಣ-ಮ್ಯಾಂಗನೀಸ್ ಪೊರೆಯನ್ನು ಸಣ್ಣ ಡ್ರಿಲ್‌ನಿಂದ ಉಜ್ಜಿ ತೆಗೆಯಬೇಕು, ಆಮೇಲೆ ದುರ್ಬಲ ಆಮ್ಲದಲ್ಲಿ ತೊಳೆಯಬೇಕು. ಪೊರೆ ಉಳಿದರೆ ಹೊರಗಿನ ಥೋರಿಯಂ ಸೇರಿ ಹವಳ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಈ ಯುರೇನಿಯಂನಿಂದ ಹುಟ್ಟದ ಥೋರಿಯಂ-232 ಹೆಚ್ಚು ಸಿಕ್ಕರೆ ಅದೇ ಸುಳಿವು. ಎರಡನೇ ಪರೀಕ್ಷೆಯೂ ಇದೆ. ಯುರೇನಿಯಂ-234 ಮತ್ತು 238ರ ಮೊದಲಿನ ವಿಕಿರಣ ಚಟುವಟಿಕೆಯ ಅನುಪಾತವನ್ನು ಹಿಂದಕ್ಕೆ ಲೆಕ್ಕಹಾಕಿದರೆ ಸಮುದ್ರದ 1.147ರ ಹತ್ತಿರ ಬರಬೇಕು. ಬಹಳ ಆಚೀಚೆಯಾದರೆ ಯುರೇನಿಯಂ ಒಳಹೊರಗೆ ಓಡಾಡಿದೆ ಎಂದರ್ಥ. ಆ ಮಾದರಿಯನ್ನು ಬಿಟ್ಟುಬಿಡುವುದೇ ಲೇಸು. ಸುಮಾರು 5 ಲಕ್ಷ ವರ್ಷಗಳಾಚೆ ಈ ವಿಧಾನ ಕೈಕೊಡುತ್ತದೆ. ಚಾಲೆಂಜರ್‌ನ ಕೆಳಭಾಗಕ್ಕೆ ಸ್ಟ್ರಾನ್ಷಿಯಂ ಸಮಸ್ಥಾನಿಗಳನ್ನೂ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು) ಹೂಳಿನಲ್ಲಿ ದಾಖಲಾದ ಭೂಕಾಂತದ ದಿಕ್ಕನ್ನೂ ಬಳಸಿದ್ದು ಅದಕ್ಕೇ.

ನೀರಿನ ಹಳೆಯ ಉಷ್ಣತೆಗೆ ಹವಳದ ಅಸ್ಥಿಪಂಜರದಲ್ಲಿನ ಲಿಥಿಯಂ-ಮೆಗ್ನೀಸಿಯಂ ಅನುಪಾತವನ್ನು ನೋಡುತ್ತಾರೆ. ಆಮ್ಲಜನಕದ ಸಮಸ್ಥಾನಿಗಳನ್ನು ನೇರವಾಗಿ ಉಷ್ಣತೆಯೆಂದು ಓದಲಾಗದು, ಏಕೆಂದರೆ ಪಾಲಿಪ್ ತನ್ನ ಶರೀರಕ್ರಿಯೆಯಿಂದಲೇ ಅವನ್ನು ಬದಲಿಸುತ್ತದೆ.

ಈಗ ಸಾಗರ ಹೀರುತ್ತಿರುವ ಇಂಗಾಲದ ಡೈಆಕ್ಸೈಡ್‌ನಿಂದ ಅರಗೊನೈಟ್, ಅಂದರೆ ಹವಳದ ಅಸ್ಥಿಪಂಜರದ ಸುಣ್ಣದ ಖನಿಜ, ಕರಗತೊಡಗುವ ಆಳ ಮೇಲೇರುತ್ತಿದೆ. ಜೀವಂತ ಪಾಲಿಪ್ ಇಂಥ ನೀರಿನಲ್ಲೂ ಸ್ವಲ್ಪ ಕಾಲ ಅಸ್ಥಿ ಕಟ್ಟಬಲ್ಲದು. ಕೆಳಗಿನ ಸತ್ತ ಕೊಂಬೆಗೆ ಹೊದಿಕೆಯಾಗಿ ಅಂಗಾಂಶವಿಲ್ಲ. ಅದು ರಂಧ್ರಬಿದ್ದು ಟೊಳ್ಳಾಗಿ, ಮೇಲಿನ ಜೀವಂತ ಭಾಗದ ಭಾರಕ್ಕೆ ಮುರಿಯುತ್ತದೆ. ಆದ್ದರಿಂದ ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುವ ಜೀವಂತ ತುದಿಗಳನ್ನಷ್ಟೇ ಎಣಿಸುವ ಸಮೀಕ್ಷೆ ಸಾಲದು. ಬುಡದ ಕೊಂಬೆಗಳ ದಪ್ಪ ಮತ್ತು ರಂಧ್ರಗಳನ್ನೂ ಅಳೆದು ಬರೆದಿಡಬೇಕು.