ಶುಗರ್ ಇದ್ದವರ ಪಾದ ಪರೀಕ್ಷೆ: ನೋವಿಲ್ಲ ಅಂದರೂ ಬಿಡಬೇಡಿ

[ದೃಶ್ಯ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಮನೆಯೊಂದರ ಜಗಲಿ. ಕುರ್ಚಿಯಲ್ಲಿ ಹಿರಿಯರೊಬ್ಬರು, ಎದುರಿನ ಸ್ಟೂಲಿನ ಮೇಲೆ ಎರಡೂ ಬರಿಗಾಲು.]

ನಿರೂಪಣೆ: ಕಾಲು ತೋರಿಸಿ ಅಂದರೆ "ನನಗೆ ನೋವೇ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ನಾವು ಹುಡುಕುತ್ತಿರುವುದೇ ಆ ನೋವಿಲ್ಲದ ಕಾಲನ್ನು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಮೊದಲು ಕೆಡುವುದು ಉದ್ದದ ನರಗಳ ತುದಿ, ಅಂದರೆ ಕಾಲ್ಬೆರಳು. ಆಮೇಲೆ ತೋಟದಲ್ಲಿ ಮುಳ್ಳು ಹೊಕ್ಕರೂ, ಅಡಿಕೆ ಒಣಹಾಕಿದ ಅಂಗಳ ಮಧ್ಯಾಹ್ನ ಸುಟ್ಟರೂ ಗೊತ್ತಾಗುವುದಿಲ್ಲ.

[ಹತ್ತಿರದ ದೃಶ್ಯ: ಬೆರಳುಸಂದು ಬಿಡಿಸುವುದು.]

ಮೊದಲು ಕಣ್ಣು. ಒಳ್ಳೆಯ ಬೆಳಕಿನಲ್ಲಿ ಎರಡೂ ಪಾದ, ಅಡಿ ಮತ್ತು ಹಿಮ್ಮಡಿ ಸೇರಿ. ಬೆರಳುಸಂದುಗಳನ್ನು ಒಂದೊಂದಾಗಿ ಬಿಡಿಸಿ. ಮಳೆಗಾಲದಲ್ಲಿ ಅಲ್ಲಿ ಚರ್ಮ ಬೆಳ್ಳಗೆ ನೆನೆದು ಸೀಳಿರುತ್ತದೆ, ಸೋಂಕು ಒಳಹೋಗುವುದು ಆ ಸೀಳಿನಿಂದ. ದಡ್ಡುಗಟ್ಟಿದ ಚರ್ಮದೊಳಗೆ ಕಪ್ಪುಗೆಂಪು ಚುಕ್ಕೆ ಕಂಡರೆ ಕೆಳಗೆ ರಕ್ತ ಕಟ್ಟಿದೆ, ಹುಣ್ಣು ತಯಾರಾಗುತ್ತಿದೆ ಎಂದೇ ತಿಳಿಯಿರಿ. ಮನೆಯಲ್ಲಿ ಬ್ಲೇಡಿನಿಂದ ಕೆತ್ತಬೇಡಿ. ಅಂಗಡಿಯ ಆಣಿ ಪ್ಲಾಸ್ಟರೂ ಬೇಡ, ಅದರ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಅಂಗೈಯ ಹಿಂಬದಿಯಿಂದ ಎರಡೂ ಪಾದದ ಬಿಸಿ ಹೋಲಿಸಿ. ಗಾಯವಿಲ್ಲ, ಹೆಚ್ಚು ನೋವೂ ಇಲ್ಲ, ಆದರೆ ಒಂದೇ ಪಾದ ಕೆಂಪಾಗಿ ಊದಿ ಬಿಸಿಯಾಗಿದೆಯೇ? ಉಳುಕು ಅಂತ ಎಣ್ಣೆ ತಿಕ್ಕಿ ನಡೆದಾಡಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಇದು ಚಾರ್ಕೋ ಪಾದ ಇರಬಹುದು. ಒಳಗೆ ಎಲುಬು ಮುರಿಯುತ್ತಿರುತ್ತದೆ, ಪ್ರತಿ ಹೆಜ್ಜೆಗೂ ಪಾದದ ಆಕಾರ ಕೆಡುತ್ತದೆ. ಕಾಲು ಊರಬಾರದು, ಅದೇ ದಿನ ಆಸ್ಪತ್ರೆಗೆ.

[ಹತ್ತಿರದ ದೃಶ್ಯ: ನಾಡಿ ಸಿಗುವ ಎರಡು ಜಾಗ.]

ಇನ್ನು ರಕ್ತಸಂಚಾರ. ಕಾಲಿನ ಹೆಬ್ಬೆರಳು ಮೇಲೆತ್ತಲು ಹೇಳಿ. ಪಾದದ ಮೇಲೆ ಹಗ್ಗದಂತೆ ಎದ್ದು ಕಾಣುವ ಸ್ನಾಯುರಜ್ಜುವಿನ ಹೊರಮಗ್ಗುಲಲ್ಲಿ ಒಂದು ನಾಡಿ. ಇನ್ನೊಂದು, ಒಳಗಿನ ಕಾಲ್ಗಂಟಿನ ಹಿಂದೆ. ಎರಡು ಬೆರಳಿಟ್ಟು ಹಗುರವಾಗಿ ಹಿಡಿಯಿರಿ. ಹೆಬ್ಬೆರಳಿಟ್ಟರೆ ನಿಮ್ಮದೇ ನಾಡಿ ಸಿಕ್ಕೀತು. ಆರೋಗ್ಯವಂತರಲ್ಲೂ ಕೆಲವರಿಗೆ ಮೇಲಿನ ನಾಡಿ ಸಿಗುವುದಿಲ್ಲ, ಹಾಗಾಗಿ ಎರಡನ್ನೂ ನೋಡಲೇಬೇಕು.

[ದೃಶ್ಯ: ಮಾನೋಫಿಲಮೆಂಟ್.]

ಈಗ ಸ್ಪರ್ಶ. ಇದು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ. ಮೊದಲು ಅವರ ಕೈಗೆ ತಾಗಿಸಿ ಹೇಗಿರುತ್ತದೆಂದು ತೋರಿಸಿ. ಆಮೇಲೆ ಅವರು ಕಣ್ಣು ಮುಚ್ಚಲಿ. ಜಾಗ ಮೂರು: ಹೆಬ್ಬೆರಳಿನ ಅಡಿ, ಅದರ ಬುಡದ ಉಬ್ಬು, ಕಿರುಬೆರಳಿನ ಬುಡದ ಉಬ್ಬು. ದಡ್ಡು ಅಥವಾ ಹುಣ್ಣಿನ ಮೇಲೆ ಬೇಡ, ಪಕ್ಕದಲ್ಲಿ. ನೇರವಾಗಿ ಇಟ್ಟು ಎಳೆ ಬಾಗುವಷ್ಟೇ ಒತ್ತಿ ತೆಗೆಯಿರಿ, ಎಲ್ಲ ಸೇರಿ 2 ಸೆಕೆಂಡು. ಎಳೆಯನ್ನು ಜಾರಿಸಿದರೆ ಕಚಗುಳಿಯಿಂದಲೇ ಗೊತ್ತಾಗಿಬಿಡುತ್ತದೆ.

ಪ್ರತಿ ಜಾಗಕ್ಕೆ 3 ಸಲ ಕೇಳಿ: ಮುಟ್ಟಿದೆನಾ, ಎಲ್ಲಿ? ಅದರಲ್ಲಿ ಒಂದು ಸಲ ಮುಟ್ಟದೆಯೇ ಕೇಳಬೇಕು, ಯಾಕೆಂದರೆ ದಾಕ್ಷಿಣ್ಯಕ್ಕೆ ಹೌದು ಅನ್ನುವವರು ಬಹಳ. 3ರಲ್ಲಿ 2 ಸರಿಯಾದರೆ ಆ ಜಾಗದಲ್ಲಿ ಸ್ಪರ್ಶ ಇದೆ. ನರ್ಸಮ್ಮ ಮಲಯಾಳದಲ್ಲಿ ಕೇಳಿ ಅಜ್ಜಿ ತುಳುವಿನಲ್ಲಿ ಉತ್ತರಿಸುವ ಊರು ನಮ್ಮದು. ಹೌದು, ಇಲ್ಲ ಎರಡನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಒಂದೇ ದಿನ 10-15 ಮಂದಿಗೆ ಬಳಸಿದ ಎಳೆ ಬಳಲುತ್ತದೆ, 24 ಗಂಟೆ ಬಿಡಬೇಕು.

ಮನೆಯವರಿಗೆ ಬೆರಳೇ ಸಾಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು 1-2 ಸೆಕೆಂಡು ಹಗುರ ಮುಟ್ಟಿ, ಒತ್ತಬೇಡಿ, ತಟ್ಟಬೇಡಿ. 6ರಲ್ಲಿ 2 ಅಥವಾ ಹೆಚ್ಚು ತಪ್ಪಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಚಪ್ಪಲಿಯನ್ನೂ ತಿರುಗಿಸಿ ನೋಡಿ. ಸವೆದ ರಬ್ಬರ್ ಚಪ್ಪಲಿಯ ಅಡಿಯಿಂದ ಮೊಳೆ ಸಲೀಸಾಗಿ ದಾಟುತ್ತದೆ. ಸ್ಪರ್ಶ ಕಳೆದವರಿಗೆ ಹಿಂಬದಿ ಪಟ್ಟಿಯಿರುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿ ಒಳ್ಳೆಯದು. ಪಟ್ಟಿ ಇಲ್ಲದ್ದು ಜಾರಿ ಹೋದರೂ ತಿಳಿಯುವುದಿಲ್ಲ.

[ಪರದೆ ಬರಹ: ಮುಂದಿನ ಪರೀಕ್ಷೆ ಯಾವಾಗ?]

ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ. ಸ್ಪರ್ಶ ಅಥವಾ ರಕ್ತಸಂಚಾರದಲ್ಲಿ ಒಂದು ಕೆಟ್ಟಿದ್ದರೆ 6-12 ತಿಂಗಳಿಗೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದರ ಜೊತೆ ಪಾದದ ಆಕಾರವೂ ಬದಲಾಗಿದ್ದರೆ 3-6 ತಿಂಗಳು. ಆ ತೊಂದರೆಗಳ ಜೊತೆ ಹಿಂದೆ ಹುಣ್ಣಾಗಿದ್ದರೆ ಅಥವಾ ಬೆರಳು ತೆಗೆದಿದ್ದರೆ 1-3 ತಿಂಗಳು. ತೆರೆದ ಹುಣ್ಣು, ಕೀವು, ಕಪ್ಪಾದ ಬೆರಳು ಕಂಡರೆ ಈ ಲೆಕ್ಕ ಯಾವುದೂ ಇಲ್ಲ: ಅಂದೇ ಆಸ್ಪತ್ರೆ. ಕಳುಹಿಸುವ ಚೀಟಿಯಲ್ಲಿ ಎಡವೋ ಬಲವೋ, ಯಾವ ಜಾಗದಲ್ಲಿ ಸ್ಪರ್ಶವಿಲ್ಲ, ಯಾವ ನಾಡಿ ಸಿಗಲಿಲ್ಲ ಎಂದು ಬರೆಯಿರಿ.