56 ನಿಮಿಷಕ್ಕೆ ನಿಂತ ಗಡಿಯಾರ

2019ರ ಜುಲೈ 15, ನಡುರಾತ್ರಿ. ಚಂದ್ರಯಾನ-2 ಹಾರುವುದು 2 ಗಂಟೆ 51 ನಿಮಿಷಕ್ಕೆ ಅಂತ ಅಮ್ಮನ ನಿದ್ದೆಯನ್ನೂ ಕೆಡಿಸಿ ಟಿವಿ ಮುಂದೆ ಕೂರಿಸಿದ್ದೆ. ಶ್ರೀಹರಿಕೋಟಾದ ಗಡಿಯಾರ ಇಳಿಯುತ್ತಾ ಇಳಿಯುತ್ತಾ 56 ನಿಮಿಷ 24 ಸೆಕೆಂಡಿಗೆ ಬಂದು ಗಪ್ಪಂತ ನಿಂತುಬಿಟ್ಟಿತು. "ಮುಗೀತಾ?" ಅಂದರು ಅಮ್ಮ.

ಇವತ್ತು ಆ ಗಡಿಯಾರದ್ದೇ ಕತೆ. ಹತ್ತು, ಒಂಬತ್ತು, ಎಂಟು ಅಂತ ಎಣಿಸುವುದು ವಿಜ್ಞಾನಿಗಳ ತಲೆಯಿಂದ ಬಂದದ್ದು ಅಂತಲೇ ನಾನು ಅಂದುಕೊಂಡಿದ್ದೆ. ನೋಡಿದರೆ ರಾಕೆಟ್‌ಗೆ ಅದನ್ನು ತಗುಲಿಸಿದ್ದು ಸಿನಿಮಾದವರು! 1929ರಲ್ಲಿ ಜರ್ಮನಿಯ ಫ್ರಿಟ್ಜ್ ಲಾಂಗ್ ಚಂದ್ರನಿಗೆ ಹೋಗುವ ಒಂದು ಚಿತ್ರ ಮಾಡಿದರು, ಹೆಸರು 'ಫ್ರಾವ್ ಇಮ್ ಮೋಂಡ್'. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದರೆ ರಾಕೆಟ್ ಯಾವಾಗ ಹಾರುತ್ತೆ ಅಂತ ಯಾರಿಗೆ ಗೊತ್ತು? ಸೊನ್ನೆ ಕಡೆಗೆ ಇಳಿಸಿದರೆ ಎಲ್ಲರ ಎದೆಯೂ ಢವಢವ. ಮೂಕಿ ಚಿತ್ರ ಬೇರೆ, ಕೂಗಿ ಹೇಳುವ ಹಾಗಿಲ್ಲ, ಅಂಕಿಗಳೇ ಪರದೆ ಮೇಲೆ ಬರುತ್ತವೆ.

ಆ ಚಿತ್ರಕ್ಕೆ ಸಲಹೆ ಕೊಟ್ಟವರು ಹರ್ಮನ್ ಓಬರ್ತ್. ಹುಡುಗನಾಗಿದ್ದಾಗ ಜೂಲ್ಸ್ ವರ್ನ್ ಕತೆ ಓದಿ ಹುಚ್ಚು ಹಿಡಿಸಿಕೊಂಡವರು. ವರ್ನ್ ಆ ಕತೆಯಲ್ಲಿ ಮೂವರನ್ನು 900 ಅಡಿ ಉದ್ದದ ಫಿರಂಗಿಯಲ್ಲಿ ಹಾಕಿ ಚಂದ್ರನ ಕಡೆಗೆ ಹಾರಿಸುತ್ತಾನೆ. ಅಷ್ಟು ಚಿಕ್ಕ ಕೊಳವೆಯಲ್ಲಿ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕು ಅಂದರೆ ಒಳಗಿದ್ದವರು ದೋಸೆ ಹಿಟ್ಟಾಗುತ್ತಾರೆ ಅಷ್ಟೇ. ಫಿರಂಗಿ ಆಗಲ್ಲ, ನಿಧಾನಕ್ಕೆ ವೇಗ ಹೆಚ್ಚಿಸುವ ರಾಕೆಟ್ಟೇ ಬೇಕು ಅಂತ ಓಬರ್ತ್ ಲೆಕ್ಕ ಹಾಕಿದರು. ಕತೆಯ ತಪ್ಪು ಹುಡುಕಲು ಹೋಗಿ ರಾಕೆಟ್ ವಿಜ್ಞಾನಿ ಆದರು ಅನ್ನಿ! ಅವರ ಡಾಕ್ಟರೇಟ್ ಪ್ರಬಂಧ ತಿರಸ್ಕಾರ ಆಯಿತು, ಅದನ್ನೇ 1923ರಲ್ಲಿ ಪುಸ್ತಕ ಮಾಡಿದರು. ಇಂಥವರು ಜೊತೆಗಿದ್ದೂ ಲಾಂಗ್ ಚಿತ್ರದಲ್ಲಿ ಚಂದ್ರನ ಮೇಲೆ ಗಾಳಿ ಇದೆ, ಜನ ಹೆಲ್ಮೆಟ್ ಇಲ್ಲದೆ ಆರಾಮಾಗಿ ಓಡಾಡುತ್ತಾರೆ. ಸಿನಿಮಾ ಅಲ್ವಾ, ನಾಯಕಿಯ ಮುಖ ಕಾಣಬೇಡವೇ.

ಈ ಎಣಿಕೆ ಲ್ಯಾಬ್‌ಗೆ ಬಂದಮೇಲೆ ಅದರ ಕೆಲಸವೇ ಬದಲಾಯಿತು. ಸಿನಿಮಾದಲ್ಲಿ ಅದು ಸೊನ್ನೆಗೆ ಹೋಗಲೇಬೇಕು, ಇಲ್ಲದಿದ್ದರೆ ಕಾಸು ಕೊಟ್ಟವರು ಬೈಯುತ್ತಾರೆ. ರಾಕೆಟ್ ಕೇಂದ್ರದಲ್ಲಿ ಪ್ರತಿ ನಿಮಿಷಕ್ಕೂ ಒಂದು ಕೆಲಸ: ಇಂಧನ ತುಂಬುವುದು, ಒತ್ತಡ ನೋಡುವುದು. ಏನೋ ಸರಿ ಇಲ್ಲ ಅನಿಸಿದರೆ ಅಲ್ಲೇ ನಿಲ್ಲಿಸಬಹುದು. ಆ ರಾತ್ರಿ ಇಸ್ರೋ ಮಾಡಿದ್ದೂ ಅದನ್ನೇ. ತಾಂತ್ರಿಕ ದೋಷ ಕಂಡಿತು, ನಿಲ್ಲಿಸಿದರು.

ಒಂದು ವಾರ ಬಿಟ್ಟು, ಜುಲೈ 22ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ ಹಾರಿತು. ಈ ಸಲ ಅಮ್ಮ ಊಟ ಮುಗಿಸಿ ತಾವೇ ಬಂದು ಕೂತರು. ಕೊನೆಯ ಹತ್ತು ಅಂಕಿಗಳನ್ನು ಟಿವಿಗಿಂತ ಜೋರಾಗಿ ಅವರೇ ಎಣಿಸಿದರು.